ಬೀಳುಬಿದ್ದ ಹೊಲದಲ್ಲಿ ಯಾವ ಮುಳ್ಳನ್ನು ಕೀಳಬೇಕು, ಯಾವುದನ್ನು ಉಳಿಸಬೇಕು

ಹಿರಿಯೂರು ತಾಲ್ಲೂಕಿನಲ್ಲಿ ನಮಗಿರುವ ಮೂರು ಎಕರೆ ಹತ್ತು ಗುಂಟೆ ಕೆಂಪು ಮಣ್ಣಿನ ಖುಷ್ಕಿ ಹೊಲ ಹತ್ತು ವರ್ಷಕ್ಕೂ ಹೆಚ್ಚು ಕಾಲ ಉಳುಮೆ ಕಾಣದೆ ಬೀಳುಬಿದ್ದಿತ್ತು. ಅಲ್ಲಿ ಹುಣಸೆ, ಸೀತಾಫಲ ನೆಟ್ಟು ಸಾಲುಗಳ ನಡುವೆ ಹುರುಳಿ, ಸಜ್ಜೆ ಬಿತ್ತಬೇಕೆಂಬುದು ನಮ್ಮ ಯೋಜನೆ. ಮೊದಲು ಹೊಲದೊಳಗೆ ಕಾಲಿಡುವಂತಾಗಬೇಕಿತ್ತು. ಜೆಸಿಬಿಯವರು ಬಂದು ನೋಡಿ, "ಹದಿನೆಂಟರಿಂದ ಇಪ್ಪತ್ತು ಗಂಟೆ ಕೆಲಸ ಸಾರ್, ಗಂಟೆಗೆ 1,300 ರೂಪಾಯಿ. ಒಂದು ಮುಳ್ಳೂ ಉಳಿಯದ ಹಾಗೆ ಬಳಿದುಕೊಡುತ್ತೇವೆ" ಎಂದರು.

ಒಂದೂ ಉಳಿಯದ ಹಾಗೆ ಎಂಬ ಮಾತಿಗೇ ನಾನು ಒಪ್ಪಲಿಲ್ಲ. ಆ ಹೊಲದ ಬದುಗಳ ಮೇಲೆ ನಮ್ಮ ತಾತನ ಕಾಲದ ಕರಿಜಾಲಿ ಇದೆ, ಬೋರೆ ಇದೆ, ಕಾರೆ ಪೊದೆಗಳಿವೆ. ಬದುವಿನ ಮಣ್ಣನ್ನು ಹಿಡಿದು ನಿಲ್ಲಿಸಿರುವುದೇ ಅವುಗಳ ಬೇರು. ಹೊಲ ನುಂಗಿದ್ದು ಬೇರೆ ಗಿಡಗಳು: ಹೊರಗಿನಿಂದ ಬಂದು ಇಲ್ಲಿ ಹರಡಿಕೊಂಡ ಬಳ್ಳಾರಿ ಜಾಲಿ ಮತ್ತು ಲಂಟಾನ. ಎಲ್ಲಕ್ಕೂ ಮುಳ್ಳಿದೆ ಎಂದು ಎಲ್ಲವನ್ನೂ ಒಂದೇ ಬಕೆಟ್ಟಿಗೆ ತುಂಬುವುದು ನನಗೆ ಒಗ್ಗದ ಮಾತು. ಆದ್ದರಿಂದ ಮೊದಲು ಗುರುತು, ಆಮೇಲೆ ಬಣ್ಣ, ಆಮೇಲೆ ಮಚ್ಚು ಎಂದು ಕ್ರಮ ಹಾಕಿಕೊಂಡೆ. ಕೆಲಸ ಮೂರನೇ ಎರಡು ಭಾಗ ಮುಗಿದಿದೆ. ಇಲ್ಲಿಯವರೆಗಿನ ದಾಖಲೆ ಇದು.

ಹಂತ 1: ಸಲಕರಣೆ ಮತ್ತು ಪಟ್ಟಿ ಹಾಕಿದ್ದು (ನವೆಂಬರ್)

ನವೆಂಬರನ್ನು ಬೇಕೆಂದೇ ಆರಿಸಿಕೊಂಡೆ. ಹಿಂಗಾರು ಮಳೆ ಮುಗಿಯುವ ಹೊತ್ತಿಗೆ ಎಲ್ಲ ಗಿಡಗಳಲ್ಲೂ ಎಲೆ ಇರುತ್ತದೆ, ಕೆಲವದರಲ್ಲಿ ಹೂ, ಕೆಲವದರ ಬುಡದಲ್ಲಿ ಹಳೆಯ ಕಾಯಿ ಸಿಗುತ್ತದೆ. ಮಾರ್ಚ್‌ನಲ್ಲಿ ಇದೇ ಕೆಲಸ ಹಿಡಿದರೆ ಅರ್ಧ ಗಿಡಗಳು ಬೋಳಾಗಿ, ಬರೀ ಮುಳ್ಳು ನೋಡಿ ಗುರುತಿಸಬೇಕಾಗುತ್ತದೆ.

ಕೊಂಡ ವಸ್ತುಗಳು: ಮೊಣಕೈವರೆಗೆ ಬರುವ ಚರ್ಮದ ಕೈಗವಸು ಎರಡು ಜೊತೆ, 640 ರೂಪಾಯಿ. ಉದ್ದ ಹಿಡಿಯ ಕೊಂಬೆ ಕತ್ತರಿ, 950. ಹಿಡಿಸಮೇತ ಪಿಕಾಸಿ, 650. ಕೆಂಪು ಮತ್ತು ಬಿಳಿ ಬಣ್ಣ ಅರ್ಧರ್ಧ ಲೀಟರ್, 380. ಬ್ರಷ್, 40. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, 250. ಮಚ್ಚು, ಗುದ್ದಲಿ, ಹಾರೆ, ಕುಡುಗೋಲು ಮನೆಯಲ್ಲೇ ಇದ್ದವು. ಕವೆಗೋಲನ್ನು ಬೇವಿನ ಕೊಂಬೆಯಿಂದ ಮಾಡಿಕೊಂಡೆವು. ಆರು ಅಡಿ ಉದ್ದ, ಕವೆಯ ಬಾಯಿ ಒಂದು ಗೇಣು. ಮುಳ್ಳಿನ ಕೊಂಬೆಯನ್ನು ಕೈಯಿಂದ ಮುಟ್ಟದೆ ಒತ್ತಿ ಹಿಡಿಯಲು ಇದಕ್ಕಿಂತ ಒಳ್ಳೆಯ ಸಲಕರಣೆ ಅಂಗಡಿಯಲ್ಲಿ ಸಿಗಲಾರದು.

ಕಣ್ಣಿಗೆ ಕನ್ನಡಕ, ಕಾಲಿಗೆ ದಪ್ಪ ಅಟ್ಟೆಯ ಬೂಟು ಕಡ್ಡಾಯ ಮಾಡಿದೆ. ಬಳ್ಳಾರಿ ಜಾಲಿಯ ಮುಳ್ಳು ಹವಾಯಿ ಚಪ್ಪಲಿಯನ್ನು ಸಲೀಸಾಗಿ ತೂರಿಬರುತ್ತದೆ. ಚುಚ್ಚಿದ ಜಾಗ ಊದಿಕೊಂಡು ಹಲವು ದಿನ ನೋಯುತ್ತದೆ, ತುದಿ ಒಳಗೇ ಮುರಿದರೆ ಇನ್ನೂ ಕಷ್ಟ. ಕೆಲಸಕ್ಕೆ ಬಂದವರೆಲ್ಲರಿಗೂ ಶುರುವಿನಲ್ಲೇ ಧನುರ್ವಾಯು ಚುಚ್ಚುಮದ್ದು ಹಾಕಿಸಿದೆವು.

ಹೊಲವನ್ನು ತೆಂಗಿನ ಹಗ್ಗ ಎಳೆದು ಹತ್ತು ಮೀಟರ್ ಅಗಲದ ಪಟ್ಟಿಗಳಾಗಿ ಮಾಡಿಕೊಂಡೆ. ಒಂದು ಪಟ್ಟಿಯಲ್ಲಿ ಇರುವುದನ್ನೆಲ್ಲ ನೋಡಿ ಬಣ್ಣ ಹಚ್ಚಿದ ಮೇಲೆಯೇ ಮುಂದಿನದು. ಕೆಂಪು ಎಂದರೆ ತೆಗೆಯಬೇಕಾದ್ದು, ಬಿಳಿ ಎಂದರೆ ಮುಟ್ಟಬಾರದ್ದು, ಹಳೆಯ ಸೀರೆಯ ಚೂರು ಕಟ್ಟಿದ್ದರೆ ಇನ್ನೂ ಗೊತ್ತಾಗಿಲ್ಲ ಎಂದರ್ಥ. ಬಣ್ಣವನ್ನು ಮೊಣಕಾಲಿನ ಎತ್ತರದಲ್ಲಿ ಕಾಂಡದ ಸುತ್ತ ಹಚ್ಚಬೇಕು. ಒಂದೇ ಬದಿಗೆ ಬೊಟ್ಟಿಟ್ಟರೆ ಎದುರಿನಿಂದ ಬಂದವರಿಗೆ ಕಾಣುವುದಿಲ್ಲ.

ಹಂತ 2: ಜಾಲಿಗಳನ್ನು ಬೇರ್ಪಡಿಸಿದ್ದು

ಹೆಚ್ಚು ಹೊತ್ತು ಹಿಡಿದದ್ದು ಇದೇ. ಹೊಲದಲ್ಲಿ ಒಟ್ಟು ಐದು ಬಗೆಯ ಸಣ್ಣೆಲೆಯ ಮುಳ್ಳುಮರಗಳು ಸಿಕ್ಕವು: ಬಳ್ಳಾರಿ ಜಾಲಿ, ಕರಿಜಾಲಿ, ಬಿಳಿಜಾಲಿ, ಕಸ್ತೂರಿ ಜಾಲಿ, ಕಗ್ಗಲಿ. ದೊಡ್ಡ ಮರವಾದರೆ ಗುರುತು ಸುಲಭ. ಎದೆಮಟ್ಟದ ಪೊದೆಯಾಗಿದ್ದಾಗ ಎಲ್ಲವೂ ಒಂದೇ ತರಹ ಹಸಿರು, ಒಂದೇ ತರಹ ಚುಚ್ಚುತ್ತವೆ.

ನಾನು ಮೊದಲು ನೆಚ್ಚಿಕೊಂಡದ್ದು ಹೂವನ್ನು. ಬಳ್ಳಾರಿ ಜಾಲಿಯ ಹೂ ಬೆರಳುದ್ದದ ತೆನೆ, ತಿಳಿಹಳದಿ. ಕರಿಜಾಲಿಯದು ದುಂಡನೆಯ ಅರಿಶಿನ ಬಣ್ಣದ ಚೆಂಡು. ತೆನೆ ಕಂಡರೆ ಕೆಂಪು, ಚೆಂಡು ಕಂಡರೆ ಬಿಳಿ ಎಂದುಕೊಂಡರೆ ಕೆಲಸ ಮುಗಿಯಿತಲ್ಲ! ಆ ಸೂತ್ರ ಎರಡೂ ಕಡೆಯಿಂದ ಮುರಿದುಬಿತ್ತು. ಕಗ್ಗಲಿ ನಮ್ಮ ನೆಲದ್ದೇ ಮರ, ಆದರೆ ಅದರ ಹೂವೂ ತೆನೆಯೇ. ಕಸ್ತೂರಿ ಜಾಲಿಗೆ ಘಮಘಮಿಸುವ ದುಂಡು ಹೂ, ಆದರೆ ಅದು ಅಮೆರಿಕ ಖಂಡದ ಉಷ್ಣ ಪ್ರದೇಶದಿಂದ ಬಂದದ್ದು. ಮೇಲಾಗಿ ಹೂವಿಲ್ಲದ ಎಳೆಯ ಗಿಡಗಳೇ ಹೊಲದಲ್ಲಿ ಹೆಚ್ಚಿದ್ದವು. ಬದುವಿನ ಮೇಲಿನ ಒಂದು ಕಗ್ಗಲಿಗೆ ಕೆಂಪು ಬಣ್ಣವೂ ಬಿದ್ದಿತ್ತು. ಅಲ್ಲೇ ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ಅದನ್ನು ನೋಡಿ ಕೇಳಿದರು: "ಕಗ್ಗಲಿಗೆ ಯಾಕಪ್ಪ ಕೆಂಪು ಬಳಿದೆ? ಮುಳ್ಳು ನೋಡು, ಕೊಕ್ಕೆ. ಬಳ್ಳಾರಿ ಜಾಲಿಗೆ ಕೊಕ್ಕೆ ಎಲ್ಲಿಂದ ಬರುತ್ತದೆ?"

ಆ ಮಾತಿನ ನಂತರ ಹೂವನ್ನು ಬಿಟ್ಟು ಮುಳ್ಳು, ಎಲೆಯ ಗರಿ (ಎಲೆತೊಟ್ಟಿನಿಂದ ಎರಡೂ ಬದಿಗೆ ಹೊರಡುವ, ಕಿರುಎಲೆಗಳಿರುವ ಕವಲು), ಕಾಯಿ ಈ ಮೂರನ್ನೇ ಹಿಡಿದೆ. ಮೂರರಲ್ಲಿ ಎರಡು ಹೊಂದದೆ ಬಣ್ಣ ಹಚ್ಚಬಾರದೆಂದು ನಿಯಮ ಮಾಡಿಕೊಂಡೆವು. ನಮ್ಮ ಹೊಲದಲ್ಲಿ ಕಂಡ ಗುರುತುಗಳು ಹೀಗಿವೆ.

ಬಳ್ಳಾರಿ ಜಾಲಿ: ಕೊಂಬೆ ನೇರ ಬೆಳೆಯದೆ ಪ್ರತಿ ಗಿಣ್ಣಿನಲ್ಲೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತದೆ. ಎಳೆಯ ಕೊಂಬೆ ಹಸಿರು, ಅದರ ಮೇಲೆ ಚಿಕ್ಕ ತಿಳಿಬಣ್ಣದ ಚುಕ್ಕೆಗಳು. ಮುಳ್ಳು ಗಿಣ್ಣಿನಲ್ಲೇ ಇರುತ್ತದೆ, ಸಾಮಾನ್ಯವಾಗಿ ಎರಡು, ನೇರ, ಗಟ್ಟಿ. ನಮ್ಮಲ್ಲಿ ಅಳೆದವು ಒಂದರಿಂದ ನಾಲ್ಕು ಸೆಂಟಿಮೀಟರ್ ಇದ್ದವು. ಎಲೆಯೇ ನಿಜವಾದ ಗುರುತು. ಒಂದು ಎಲೆತೊಟ್ಟಿನಲ್ಲಿ ಗರಿಗಳು ಒಂದೇ ಜೊತೆ ಅಥವಾ ಎರಡು ಜೊತೆ, ಅಪರೂಪಕ್ಕೆ ಮೂರು. ಆ ಗರಿಯ ಕಿರುಎಲೆಗಳು ಸೆಂಟಿಮೀಟರಿಗಿಂತ ಉದ್ದ, ಒಂದಕ್ಕೊಂದು ತುಸು ದೂರ. ಕಾಯಿ ಚಪ್ಪಟೆ, ಸ್ವಲ್ಪ ಬಾಗಿದ್ದು, ಹಣ್ಣಾದಾಗ ಹುಲ್ಲಿನ ಹಳದಿ, ತಿರುಳು ಸಿಹಿ.

ಕರಿಜಾಲಿ: ಎಲೆತೊಟ್ಟಿನಲ್ಲಿ ಗರಿಗಳು ಮೂರು ಜೊತೆಯಿಂದ ಮೇಲಕ್ಕೆ, ಕಿರುಎಲೆ ಅರ್ಧ ಸೆಂಟಿಮೀಟರಿನಷ್ಟೇ, ಒತ್ತೊತ್ತಾಗಿ ಜೋಡಿಸಿದಂತಿರುತ್ತವೆ. ಮುಳ್ಳು ಜೋಡಿ, ನೇರ, ಬಿಳಿಚು, ಎಳೆಯ ಗಿಡದಲ್ಲಿ ಬೆರಳುದ್ದ ಬೆಳೆಯುತ್ತದೆ. ಮರ ಬಲಿತ ಹಾಗೆ ಮುಳ್ಳು ಕಡಿಮೆಯಾಗುತ್ತದೆ. ತೊಗಟೆ ಕಪ್ಪು, ಉದ್ದುದ್ದ ಸೀಳು, ಸೀಳಿನಲ್ಲಿ ಅಂಟು. ಕಾಯಿಯನ್ನು ಒಮ್ಮೆ ನೋಡಿದರೆ ಸಾಕು, ಬೀಜಬೀಜದ ನಡುವೆ ಕಿರಿದಾಗಿ ಮಣಿ ಪೋಣಿಸಿದ ಸರದಂತೆ ಬೂದುಬಣ್ಣಕ್ಕೆ ಇರುತ್ತದೆ. ಮರದ ಬುಡದಲ್ಲಿ ಹಳೆಯ ಕಾಯಿ ಹುಡುಕಿ, ನನಗೆ ಹೆಚ್ಚಿನ ಅನುಮಾನಗಳು ಅಲ್ಲೇ ತೀರಿದವು.

ಬಿಳಿಜಾಲಿ: ತೊಗಟೆ ತಿಳಿ, ಹಳದಿ ಮಿಶ್ರಿತ ಬಿಳುಪು. ದೂರದಿಂದಲೇ ಗೊತ್ತಾಗುತ್ತದೆ. ಕೊಂಬೆಯ ತುದಿಗೆ ಕೆನೆಬಣ್ಣದ ಸಣ್ಣ ಚೆಂಡುಗಳ ದೊಡ್ಡ ಗೊಂಚಲು.

ಕಗ್ಗಲಿ: ಮುಳ್ಳು ಜೋಡಿ, ಗಿಡ್ಡ, ಕೆಳಕ್ಕೆ ಬಾಗಿದ ಕೊಕ್ಕೆ. ಗರಿಗಳು ಹತ್ತು ಜೊತೆಗೂ ಮೀರಿ, ಕಿರುಎಲೆ ಅತಿ ಸಣ್ಣವು. ಕಾಯಿ ತೆಳ್ಳಗೆ, ಚಪ್ಪಟೆ, ಒಣಗಿ ಕಂದು.

ಕಸ್ತೂರಿ ಜಾಲಿ: ಕಾಯಿ ಗಿಡ್ಡ, ದಪ್ಪ, ಉರುಟು, ಕಡುಕಂದು. ಎರಡೇ ಪೊದೆಗಳಿದ್ದವು, ಸುತ್ತ ಮರಿಗಳಿರಲಿಲ್ಲ. ಹೊರಗಿನಿಂದ ಬಂದ ಗಿಡವೆಂದು ಗೊತ್ತಿದ್ದೂ ಅವಕ್ಕೆ ಬಿಳಿ ಹಚ್ಚಿದೆ. ಹೊರಗಿನದೆಲ್ಲ ಹೊಲ ನುಂಗುವುದಿಲ್ಲ. ನಾನು ನೋಡುತ್ತಿರುವುದು ಊರು ಯಾವುದು ಎಂಬುದಕ್ಕಿಂತ ಹೆಚ್ಚಾಗಿ ಅದು ಇಲ್ಲಿ ಹರಡುತ್ತಿದೆಯೇ ಎಂಬುದನ್ನು.

ಬಳ್ಳಾರಿ ಜಾಲಿ ಮಾತ್ರ ಆ ಪ್ರಶ್ನೆಗೆ ಜಾಗವನ್ನೇ ಬಿಡುವುದಿಲ್ಲ. ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯ ಈ ಗಿಡದ ಬೀಜವನ್ನು 1877ರ ಸುಮಾರಿಗೆ ಜಮೈಕಾದಿಂದ ತರಿಸಿ ಆಗಿನ ಮದ್ರಾಸ್ ಪ್ರಾಂತ್ಯದ ಕಡಪ ಭಾಗದಲ್ಲಿ ಬಿತ್ತಲಾಯಿತು. ಒಣನೆಲಕ್ಕೆ ಸೌದೆ ಬೇಕೆಂದು ತಂದರು. ಸೌದೆಯೂ ಸಿಕ್ಕಿತು, ಇದ್ದಿಲೂ ಸಿಕ್ಕಿತು, ಆಮೇಲೆ ಕೆರೆಯಂಗಳ, ಗೋಮಾಳ, ಬೀಳುಹೊಲ ಎಲ್ಲವೂ ಅದರದೇ ಆಯಿತು. ನಮ್ಮ ಹೊಲದ ನಡುಭಾಗದ ಪಟ್ಟಿಗಳಲ್ಲಿ ಕೆಂಪು ಬಣ್ಣದ ಗಿಡಗಳ ಕೆಳಗೆ ಹುಲ್ಲಿನ ಎಸಳೂ ಇರಲಿಲ್ಲ. ಹತ್ತು ಹೆಜ್ಜೆ ಆಚೆ, ಕರಿಜಾಲಿಯ ನೆರಳಿನಲ್ಲಿ ಹುಲ್ಲು ಮೊಣಕಾಲೆತ್ತರ ಇತ್ತು. ಬಣ್ಣ ಹಚ್ಚಿ ಮುಗಿಸಿದಾಗ ಈ ವ್ಯತ್ಯಾಸ ನಕ್ಷೆ ಬರೆದಷ್ಟು ಸ್ಪಷ್ಟವಾಗಿ ಕಂಡಿತು.

ಹಂತ 3: ಲಂಟಾನ

ಇದನ್ನು ಗುರುತಿಸಲು ಕಷ್ಟವಿಲ್ಲ. ಕಾಂಡ ಚೌಕ, ಎಲೆಗಳು ಎದುರುಬದುರು, ಅಂಚು ಹಲ್ಲುಹಲ್ಲು, ಮುಟ್ಟಿದರೆ ಒರಟು, ಉಜ್ಜಿದರೆ ಮೂಗಿಗೆ ಹೊಡೆಯುವ ವಾಸನೆ. ಒಂದೇ ಗೊಂಚಲಿನಲ್ಲಿ ನಡುವೆ ಹಳದಿ, ಸುತ್ತ ಗುಲಾಬಿ ಅಥವಾ ಕಿತ್ತಳೆ ಹೂ. ಕಾಯಿ ಹಸಿರಿನಿಂದ ಹೊಳೆಯುವ ಕಪ್ಪಾಗುತ್ತದೆ. ತೋಟದ ಅಂದಕ್ಕೆಂದು 1809ರಲ್ಲಿ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ತಂದ ಗಿಡ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳ ನೆಲವನ್ನೇ ಮುಚ್ಚಿದೆ.

ಹೂವಿಲ್ಲದ, ಎಲೆ ಉದುರಿದ ಲಂಟಾನದ ಬರಿಯ ಕಡ್ಡಿಯನ್ನು ಗುರುತಿಸಲು ಒಂದು ಪರೀಕ್ಷೆ ಉಪಯೋಗಕ್ಕೆ ಬಂತು. ಕೈಗವಸು ಹಾಕಿದ ಹೆಬ್ಬೆರಳಿನಿಂದ ಮುಳ್ಳನ್ನು ಪಕ್ಕಕ್ಕೆ ಒತ್ತಬೇಕು. ಲಂಟಾನದ ಮುಳ್ಳು ಕಾಂಡದ ಸಿಪ್ಪೆಯ ಮೇಲಷ್ಟೇ ಇರುವುದು. ಗಿಣ್ಣಿನಲ್ಲೇ ಇರಬೇಕೆಂದಿಲ್ಲ, ಕಾಂಡದ ಏಣುಗಳ ಉದ್ದಕ್ಕೂ ಎಲ್ಲೆಂದರಲ್ಲಿ ಇರುತ್ತದೆ, ಒತ್ತಿದರೆ ಸಿಪ್ಪೆಸಮೇತ ಕಳಚಿಬರುತ್ತದೆ. ಜಾಲಿಯ ಮುಳ್ಳು ಗಿಣ್ಣಿಗೆ ಬಿಗಿದುಕೊಂಡಿರುತ್ತದೆ. ಕಾರೆಯ ಮುಳ್ಳಿನ ಒಳಗೆ ಕಟ್ಟಿಗೆಯೇ ಇದೆ, ಅದು ಕಳಚುವುದಿಲ್ಲ, ಮುರಿಯಬೇಕು. ಎಲೆ ಯಾವುದೂ ಇಲ್ಲದ ಕಾಲಕ್ಕೂ ಈ ಒಂದು ಪರೀಕ್ಷೆ ಸಾಲುತ್ತದೆ.

ಲಂಟಾನ ಎಲ್ಲಿದೆ ಎಂಬುದನ್ನು ಬರೆದಿಟ್ಟುಕೊಳ್ಳುವುದೂ ಮುಖ್ಯ. ನಮ್ಮಲ್ಲಿ ಅದು ಬೇಲಿಯ ಉದ್ದಕ್ಕೂ, ಮತ್ತು ಹಳೆಯ ಹುಣಸೆಮರದ ಕೆಳಗೆ ದುಂಡಗೆ ಬೆಳೆದಿತ್ತು. ಪಿಕಳಾರ ಮುಂತಾದ ಹಕ್ಕಿಗಳು ಹಣ್ಣು ತಿಂದು ಬಂದು ಕೂರುವುದು ಅಲ್ಲೇ, ಬೀಜ ಉದುರುವುದೂ ಅಲ್ಲೇ. ಹಕ್ಕಿ ಕೂರುವ ಜಾಗದ ಕೆಳಗೆ ನೋಡಿದರೆ ಮರಿ ಲಂಟಾನ ಸಿಕ್ಕೇ ಸಿಗುತ್ತದೆ.

ದನಕರು ಇರುವವರು ಇದನ್ನು ಬೇಗ ತೆಗೆಯಲೇಬೇಕು. ಬರಗಾಲದಲ್ಲಿ ಹಸಿರೆಂದು ತಿಂದ ದನಗಳಿಗೆ ಯಕೃತ್ತು ಕೆಟ್ಟು ಕಾಮಾಲೆ ಬರುತ್ತದೆ, ಬಿಸಿಲಿಗೆ ಮೂತಿಯ ಚರ್ಮ ಸುಲಿಯುತ್ತದೆ.

ಹಂತ 4: ಬಿಳಿ ಬಣ್ಣದವು

ಈ ಪಟ್ಟಿಯನ್ನು ಪ್ರೀತಿಯಿಂದ ಬರೆಯುತ್ತಿದ್ದೇನೆ, ಏಕೆಂದರೆ ಇವೆಲ್ಲವೂ ಜೆಸಿಬಿಯ ಬಾಯಿಗೆ ಹೋಗಬೇಕಾಗಿದ್ದವು.

ಬೋರೆಗೆ ಗಿಣ್ಣಿನಲ್ಲಿ ಎರಡು ಮುಳ್ಳು, ಒಂದು ನೇರ, ಇನ್ನೊಂದು ಬಾಗಿದ್ದು. ಎಲೆ ಅಖಂಡ, ಬುಡದಿಂದಲೇ ಮೂರು ನರ, ಹಿಂಬದಿ ಬಿಳಿಯ ನುಣುಪು ರೋಮ. ಪರಗಿಯೂ ಇದೇ ಕುಲದ್ದು, ಆದರೆ ಹತ್ತಿಕೊಂಡು ಬೆಳೆಯುವ ಪೊದೆ, ಮುಳ್ಳು ಕೊಕ್ಕೆ, ಹಣ್ಣು ಬಟಾಣಿಗಾತ್ರದ ಕಪ್ಪು. ಲಂಟಾನದೊಳಗೆ ಹೆಣೆದುಕೊಂಡಿದ್ದ ಪರಗಿಯನ್ನು ಬಿಡಿಸುವುದಕ್ಕೆ ಕೂಲಿಯವರು ಬೇಸರಪಟ್ಟರು. ಆದರೂ ಬಿಡಿಸಿದರು.

ಕಾರೆಗೆ ಎದುರುಬದುರು ಎಲೆ, ಪ್ರತಿ ಎಲೆಜೋಡಿಯ ಮೇಲೆ ಎದುರುಬದುರು ನೇರ ಮುಳ್ಳು. ಎಲೆ ಎದುರುಬದುರಾಗಿರುವುದರಿಂದ ಲಂಟಾನವೆಂದು ಕಡಿಯುವ ಅಪಾಯ ಇದಕ್ಕೇ ಹೆಚ್ಚು. ಎಲೆಯ ಅಂಚಿನಲ್ಲಿ ಹಲ್ಲಿಲ್ಲ, ಉಜ್ಜಿದರೆ ವಾಸನೆಯಿಲ್ಲ ಎಂಬುದನ್ನು ನೋಡಿದರೆ ಸಾಕು. ಹಳದಿ ಹಣ್ಣನ್ನು ಮಕ್ಕಳು ತಿನ್ನುತ್ತಾರೆ, ಎಳೆಯ ಸೊಪ್ಪು ಅಡುಗೆಗೆ ಆಗುತ್ತದೆ. ಕವಳೆಯೂ ಎದುರುಬದುರು ಎಲೆಯದೇ. ಎಲೆ ಚಿವುಟಿದರೆ ಬಿಳಿ ಹಾಲು ಬರುತ್ತದೆ, ಅಷ್ಟೇ ಸಾಕು ಗುರುತಿಗೆ.

ಇನ್ನೊಂದು ಪೊದೆ ಬಹಳ ಹೊತ್ತು ಸೀರೆ ಚೂರು ಕಟ್ಟಿಕೊಂಡೇ ನಿಂತಿತ್ತು. ಎಲೆ ಜಾಲಿಯಂತೆ ಸಣ್ಣ ಗರಿ, ಆದರೆ ಗಿಣ್ಣಿನಲ್ಲಿ ಜೋಡಿ ಮುಳ್ಳಿಲ್ಲ, ಗಿಡ್ಡ ಕವಲುಗಳ ತುದಿಯೇ ಚೂಪಾಗಿ ಮುಳ್ಳಾಗಿದೆ. ಕೊನೆಗೆ ಹೂ ಸಿಕ್ಕಿತು. ತೂಗುವ ತೆನೆ, ಮೇಲರ್ಧ ಗುಲಾಬಿ ಮಿಶ್ರಿತ ನೇರಳೆ, ಕೆಳಗಿನರ್ಧ ಹಳದಿ. ಕಾಯಿಗಳು ಸುರುಳಿಸುತ್ತಿಕೊಂಡು ಗೊಂಚಲಾಗಿದ್ದವು. ಇದು ನಮ್ಮ ಕುರುಚಲು ಕಾಡಿನ ಹಳೆಯ ನಿವಾಸಿ. ಬಿಳಿ ಹಚ್ಚಿದೆ.

ಹಂತ 5: ಮೂಲೆಯ ಪಾಪಾಸುಕಳ್ಳಿ ಮತ್ತು ದತ್ತೂರಿ (ಜನವರಿ)

ದಕ್ಷಿಣದ ಮೂಲೆಯ ಕಲ್ಲುಗುಡ್ಡೆಯ ಮೇಲೆ ಪಾಪಾಸುಕಳ್ಳಿಯ ಒಂದು ಪೊದೆ. ಇದೂ ಅಮೆರಿಕ ಖಂಡದ್ದು. ಒಂದು ಕಾಲಕ್ಕೆ ದಕ್ಷಿಣ ಭಾರತದ ಒಣಭೂಮಿಯನ್ನೆಲ್ಲ ಇದು ಆಕ್ರಮಿಸಿತ್ತು. 1926ರಲ್ಲಿ ಶ್ರೀಲಂಕಾದಿಂದ ಕಳ್ಳಿಯ ರಸ ಹೀರುವ ಒಂದು ಬಗೆಯ ಕೊಚಿನಿಯಲ್ ಹುಳುವನ್ನು ತಂದು ಬಿಟ್ಟ ಮೇಲೆ ಕೆಲವೇ ವರ್ಷಗಳಲ್ಲಿ ಬಹುಪಾಲು ನಾಶವಾಯಿತು. ನಮ್ಮ ಪೊದೆಯ ಮೇಲೂ ಬಿಳಿ ಹತ್ತಿಯ ಚೂರು ಅಂಟಿದಂತೆ ಕಂಡಿತು. ಕಡ್ಡಿಯಿಂದ ಹಿಸುಕಿದಾಗ ಕಡುಗೆಂಪು ರಸ ಬಂತು. ಹುಳು ತನ್ನ ಕೆಲಸ ಮಾಡುತ್ತಿದೆ ಎಂದು ಅದಕ್ಕೆ ಕೈಹಾಕಲಿಲ್ಲ. ಕಡಿಯುವವರು ನೆನಪಿಡಬೇಕಾದದ್ದು, ಕತ್ತರಿಸಿ ಬಿದ್ದ ಒಂದೊಂದು ಹಲಗೆಯೂ ಬೇರೂರಿ ಹೊಸ ಗಿಡವಾಗುತ್ತದೆ. ಹಳೆಯ ಪೊದೆಯ ಬಳಿ ದೊಡ್ಡ ಮುಳ್ಳಿಗಿಂತ ಅದರ ಬುಡದ ಸಣ್ಣ ಕೂದಲಿನಂಥ ಮುಳ್ಳುಗಳಿಗೆ ಹೆದರಬೇಕು. ಅವು ಕಣ್ಣಿಗೆ ಕಾಣದೆ ಚರ್ಮದೊಳಗೆ ಉಳಿಯುತ್ತವೆ.

ದತ್ತೂರಿ ಪೊದೆಯಲ್ಲ, ವರ್ಷಕ್ಕೊಮ್ಮೆ ಹುಟ್ಟಿ ಸಾಯುವ ಮೊಳದೆತ್ತರದ ಗಿಡ. ಎಲೆಯಂಚಿಗೆಲ್ಲ ಮುಳ್ಳು, ನರಗಳ ಉದ್ದಕ್ಕೆ ಬಿಳಿಗೆರೆ, ಹೂ ಅಚ್ಚಹಳದಿ, ಮುರಿದರೆ ಹಳದಿ ಹಾಲು. ಬೀಜ ಸಾಸಿವೆಯಂತೆಯೇ ಇರುತ್ತದೆ. ಇದರ ಎಣ್ಣೆ ಸಾಸಿವೆ ಎಣ್ಣೆಯಲ್ಲಿ ಬೆರೆತು 1998ರಲ್ಲಿ ದೆಹಲಿಯಲ್ಲಿ ಅನೇಕರು ಮೈ ಊದಿ ಸತ್ತರು. ಹೂವಿರುವಾಗಲೇ, ಕಾಯಿ ಬಿರಿಯುವ ಮೊದಲು, ಕೈಗವಸು ಹಾಕಿ ಬುಡಸಮೇತ ಕಿತ್ತೆವು. ಅರ್ಧ ದಿನದಲ್ಲಿ ಮುಗಿಯಿತು.

ಹಂತ 6: ಕೀಳುವ ಕೆಲಸ (ಫೆಬ್ರವರಿಯಿಂದ ಮೇ)

ಮರ ಕಡಿಯುವುದಕ್ಕೆ ಮೊದಲು ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಂಡೆ. ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡವೆಂದು ಬಿಟ್ಟಿರುವ ಜಾತಿಗಳ ಪಟ್ಟಿಯಲ್ಲಿ ಬಳ್ಳಾರಿ ಜಾಲಿ ಸೇರಿದೆ. ಆ ಪಟ್ಟಿಯಲ್ಲಿಲ್ಲದ ಮರಗಳಿಗೆ ಹೀಗಿಲ್ಲ. ಗುರುತು ಸರಿಯಾಗಿರಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ರಸ್ತೆ ಬದಿಯ ಎಂಟು ಗುಂಟೆಯಲ್ಲಿ ಮೊದಲ ಪ್ರಯತ್ನವಾಗಿ ಕೆಂಪು ಗಿಡಗಳನ್ನು ನೆಲಮಟ್ಟಕ್ಕೆ ಕಡಿಸಿದೆವು. ಕೂಲಿ 3,600 ರೂಪಾಯಿ. ಕೆಲವು ಬೊಡ್ಡೆಗಳಿಗೆ ಊರಿನವರ ಸಲಹೆಯಂತೆ ವಾಹನದ ಸುಟ್ಟ ಆಯಿಲ್ ಬಳಿದೆವು, ಕೆಲವದರ ಮೇಲೆ ಕಸ ಹಾಕಿ ಸುಟ್ಟೆವು. ಏಪ್ರಿಲ್ ಕೊನೆಯಲ್ಲಿ ಒಂದು ಅಡ್ಡಮಳೆ ಬಿತ್ತು. ಮೇ ಮಧ್ಯಕ್ಕೆ ಪ್ರತಿಯೊಂದು ಬೊಡ್ಡೆಯಲ್ಲೂ ಚಿಗುರು, ದಪ್ಪ ಬೊಡ್ಡೆಗಳಲ್ಲಿ ಹತ್ತಕ್ಕೂ ಹೆಚ್ಚು. ಒಂದು ಕಾಂಡವಿದ್ದ ಕಡೆ ಸೊಂಟದೆತ್ತರದ ಮುಳ್ಳಿನ ಮೆಳೆಯಾಯಿತು. ಆಯಿಲ್ ಬಳಿದ, ಸುಟ್ಟ ಬೊಡ್ಡೆಗಳ ಮೇಲ್ತಲೆ ಒಣಗಿತ್ತು, ಮಣ್ಣಿನೊಳಗಿನ ಭಾಗ ಜೀವಂತವಾಗಿತ್ತು. ಅಗೆದು ನೋಡಿದಾಗ ಕಾರಣ ಕಂಡಿತು: ಚಿಗುರುವ ಮೊಗ್ಗುಗಳು ಕಾಂಡ ಮತ್ತು ಬೇರು ಸೇರುವಲ್ಲಿ, ಮಣ್ಣಿನ ಕೆಳಗೆ ಇರುತ್ತವೆ. ಅದನ್ನು ತೆಗೆಯದೆ ಏನು ಮಾಡಿದರೂ ವ್ಯರ್ಥ.

ಆಮೇಲೆ ವಿಧಾನ ಬದಲಾಯಿಸಿದೆವು. ಬೊಡ್ಡೆಯ ಸುತ್ತ ಮಣ್ಣು ಬಿಡಿಸಿ, ನೆಲದಿಂದ ಒಂದು ಅಡಿ ಕೆಳಗೆ ತಾಯಿಬೇರನ್ನು ಕಡಿದು ಇಡೀ ಬೊಡ್ಡೆಯನ್ನು ಹೊರತೆಗೆಯುವುದು. ಮಣಿಕಟ್ಟಿನ ದಪ್ಪದವರೆಗೆ ಪಿಕಾಸಿ, ಹಾರೆ ಸಾಕು. ಅದಕ್ಕಿಂತ ದಪ್ಪಗಿನವಕ್ಕೆ ಜೆಸಿಬಿ ಕರೆಸಿದೆ, ಆದರೆ ಕೆಂಪು ಬಣ್ಣವಿದ್ದುದನ್ನು ಮಾತ್ರ ಮುಟ್ಟುವ ಷರತ್ತಿನ ಮೇಲೆ, ನಾನೇ ಮುಂದೆ ನಡೆದು ತೋರಿಸುತ್ತಾ. ಏಳು ಗಂಟೆಯ ಕೆಲಸ, 9,100 ರೂಪಾಯಿ. ಬದುಗಳ ಮೇಲೆ ಯಂತ್ರವನ್ನು ಹತ್ತಿಸಲಿಲ್ಲ. ಅಲ್ಲಿನ ಬಳ್ಳಾರಿ ಜಾಲಿಯನ್ನು ಕೈಯಿಂದಲೇ ತೆಗೆದೆವು, ನಿಧಾನವಾದರೂ ಪಕ್ಕದ ಬೋರೆಯ ಬೇರು ಉಳಿಯಿತು.

ಲಂಟಾನಕ್ಕೆ ಇಷ್ಟು ಆಳ ಬೇಡ. ಕೊಂಬೆಗಳನ್ನು ಕವೆಗೋಲಿನಿಂದ ಒತ್ತಿ ಹಿಡಿದು ಬುಡ ಕಾಣುವಂತೆ ಮಾಡಿ, ಮಣ್ಣಿನಿಂದ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ಮುಖ್ಯ ಬೇರನ್ನು ಕಡಿಯಬೇಕು. ನಂತರ ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ, ಬೇರು ಆಕಾಶಕ್ಕೆ ಬರುವಂತೆ ಇಡಬೇಕು. ಮಗುಚಿ ಇಟ್ಟರೆ ಬೇರು ಮತ್ತೆ ಮಣ್ಣಿಗೆ ತಾಗುವುದಿಲ್ಲ. ಕಪ್ಪು ಹಣ್ಣಿದ್ದ ಕೊಂಬೆಗಳನ್ನು ಮಾತ್ರ ಮೊದಲೇ ಕತ್ತರಿಸಿ ಒಂದು ಗುಂಡಿಯಲ್ಲಿ ಸುಟ್ಟೆವು. ದಪ್ಪನೆಯ, ನೇರವಾದ ಕಡ್ಡಿಗಳನ್ನು ಬೇರೆ ಇಟ್ಟಿದ್ದೇನೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನವನ್ನು ಬೇಯಿಸಿ, ಸಿಪ್ಪೆ ತೆಗೆದು ಕುರ್ಚಿ, ಮೇಜು ಮಾಡುತ್ತಾರೆ. ನಮಗೆ ಅಷ್ಟು ಕೈಚಳಕವಿಲ್ಲ, ಟೊಮೆಟೊ ಗಿಡಕ್ಕೆ ಊರುಗೋಲಾಗಿ ಬಳಸುತ್ತಿದ್ದೇವೆ.

ಹಂತ 7: ಮಳೆ ಬಂದ ಮೇಲೆ (ಜೂನ್, ಜುಲೈ)

ನಿಜವಾದ ಪರೀಕ್ಷೆ ಇಲ್ಲಿ ಶುರುವಾಯಿತು. ಖಾಲಿಯಾದ ನೆಲದಲ್ಲಿ ಮರಿಗಳು ಎದ್ದವು, ಅದರಲ್ಲೂ ಒಂದು ಚೌಕದಲ್ಲಿ ಮಡಿ ಬಿತ್ತಿದಷ್ಟು ದಟ್ಟವಾಗಿ. ಅದು ಮೇ ತಿಂಗಳಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಿದ್ದ ಜಾಗ. ಆ ಕಾಲಕ್ಕೆ ಬಳ್ಳಾರಿ ಜಾಲಿಯ ಕಾಯಿ ಹಣ್ಣಾಗಿ ಉದುರುತ್ತದೆ, ಕುರಿಗಳು ಸಿಹಿಗೆ ಆಸೆಪಟ್ಟು ತಿನ್ನುತ್ತವೆ. ಬೀಜವೆಲ್ಲ ಅರಗುವುದಿಲ್ಲ, ಉಳಿದದ್ದು ಗೊಬ್ಬರದ ಜೊತೆಗೇ ಹಿಕ್ಕೆಯಲ್ಲಿ ಹೊಲಕ್ಕೆ ಬರುತ್ತದೆ. ಮಂದೆಯ ಯಜಮಾನರ ಜೊತೆ ಮಾತನಾಡಿದ್ದೇನೆ. ಮುಂದಿನ ವರ್ಷ ಸುಗ್ಗಿ ಮುಗಿದ ಕೂಡಲೇ, ಕಾಯಿ ಹಣ್ಣಾಗುವ ಮೊದಲೇ ಮಂದೆ ನಿಲ್ಲಿಸುವುದೆಂದು ಒಪ್ಪಿಕೊಂಡರು.

ಮರಿಗಳ ಗುರುತೇ ಈಗಿನ ಮುಖ್ಯ ಕೆಲಸ, ಏಕೆಂದರೆ ಅದೇ ಚೌಕದಲ್ಲಿ ಕರಿಜಾಲಿಯ ಮರಿಗಳೂ ಇವೆ, ಅದರ ಕಾಯಿಯನ್ನೂ ಕುರಿಗಳು ತಿನ್ನುತ್ತವೆ. ಮೊದಲ ಒಂದೆರಡು ಎಲೆಗಳಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಗಿಡ ಗೇಣೆತ್ತರ ಆಗುವವರೆಗೆ ಕಾದೆವು. ಆಗಲೂ ಒಂದು ಜೊತೆ ಉದ್ದ ಗರಿಯಲ್ಲೇ ನಿಂತದ್ದು ಬಳ್ಳಾರಿ ಜಾಲಿ, ಮೂರು ಜೊತೆಗೆ ಏರಿ ಸಣ್ಣ ಕಿರುಎಲೆ ತೋರಿಸಿದ್ದು ಕರಿಜಾಲಿ. ಮಳೆ ಬಿದ್ದ ಮರುದಿನ, ಮಣ್ಣು ಹಸಿಯಿರುವಾಗ ಎಳೆದರೆ ತಾಯಿಬೇರಿನ ಸಮೇತ ಬರುತ್ತದೆ. ಮಣ್ಣು ಒಣಗಿದ್ದರೆ ಬೇರು ಅರ್ಧಕ್ಕೆ ತುಂಡಾಗಿ ಮತ್ತೆ ಚಿಗುರುತ್ತದೆ. ಈ ಕೆಲಸವನ್ನು ಕೂಲಿಗೆ ಬಂದ ಹೆಣ್ಣುಮಕ್ಕಳು ನನಗಿಂತ ಚೆನ್ನಾಗಿ ಕಲಿತರು. ಈಗ ಅವರು ಗರಿ ಎಣಿಸುವುದೂ ಇಲ್ಲ, ನೋಡಿದ ತಕ್ಷಣ ಹೇಳುತ್ತಾರೆ.

ಹುಣಸೆಮರದ ಕೆಳಗೆ ಲಂಟಾನದ ಮರಿಗಳು ಇನ್ನೂ ಬರುತ್ತಿವೆ. ಅಲ್ಲಿ ಹೂ ಬಿಡುವ ಮೊದಲು ಪ್ರತಿ ಮಳೆಗಾಲವೂ ಕೀಳಬೇಕಾಗುತ್ತದೆ.

ಹಂತ 8: ಲೆಕ್ಕ ಮತ್ತು ಉಳಿದ ಕೆಲಸ

ಸಲಕರಣೆ 2,910. ಕೂಲಿ 27,400 (ಗಂಡಾಳಿಗೆ 600, ಹೆಣ್ಣಾಳಿಗೆ 400, ಮೊದಲ ಪ್ರಯತ್ನದ 3,600 ಇದರಲ್ಲೇ ಸೇರಿದೆ). ಜೆಸಿಬಿ 9,100. ಒಟ್ಟು 39,410 ರೂಪಾಯಿ. ಬಳ್ಳಾರಿ ಜಾಲಿಯ ಕಟ್ಟಿಗೆಯನ್ನು ಇದ್ದಿಲು ಸುಡುವವರು 11,000ಕ್ಕೆ ಕೊಂಡರು. ಕೈಯಿಂದ ಹೋದದ್ದು 28,410. ಇಪ್ಪತ್ತು ಗಂಟೆ ಜೆಸಿಬಿ ಓಡಿಸಿದ್ದರೆ 26,000 ಆಗುತ್ತಿತ್ತು, ಅದೂ ಇಡೀ ಹೊಲಕ್ಕೆ. ಅಂದರೆ ಬಣ್ಣ ಹಚ್ಚಿ ಆರಿಸಿ ಕಿತ್ತದ್ದು ಅಗ್ಗವಾಗಲಿಲ್ಲ, ವೇಗವಾಗಿಯೂ ಆಗಲಿಲ್ಲ. ಸಮಾನ ಮನಸ್ಕರಿಗೆ ಇದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ. ಬದುಗಳು ಮಾತ್ರ ಮೊದಲಿನಂತೆಯೇ ನಿಂತಿವೆ, ಜುಲೈನ ಜೋರು ಮಳೆಗೆ ಎಲ್ಲೂ ಕೊರೆಯಲಿಲ್ಲ.

ಉಳಿದಿರುವುದು ಹಳ್ಳದ ಕಡೆಯ ಒಂದು ಎಕರೆ. ಅಲ್ಲಿ ಬಳ್ಳಾರಿ ಜಾಲಿಯ ಕಾಂಡಗಳು ತೊಡೆಯಷ್ಟು ದಪ್ಪ, ಬೇರು ಹಳ್ಳದ ದಂಡೆಯೊಳಗೆ ಹೋಗಿದೆ. ಒಮ್ಮೆಲೇ ಕಿತ್ತರೆ ದಂಡೆ ಕುಸಿಯುತ್ತದೆ. ಅದಕ್ಕೆ ಈ ವರ್ಷ ದಂಡೆಯಲ್ಲಿ ಹೊಂಗೆ ಸಸಿ ನೆಟ್ಟು, ಅವು ಬೇರು ಹಿಡಿದ ಮೇಲೆ ಒಂದು ಸಾಲು ಬಿಟ್ಟು ಒಂದು ಸಾಲಿನಂತೆ ಬೊಡ್ಡೆ ತೆಗೆಯುವುದೆಂದು ತೀರ್ಮಾನಿಸಿದ್ದೇನೆ. ಅಲ್ಲಿಯವರೆಗೆ ಕಾಯಿ ಕಟ್ಟುವ ಮೊದಲು ಕೊಂಬೆ ಸವರುತ್ತಿರಬೇಕು. ಆ ಪಟ್ಟಿಗಳಲ್ಲಿ ಬಣ್ಣ ಹಚ್ಚುವ ಕೆಲಸ ನವೆಂಬರಿಗೆ ಶುರು. ಸೀರೆ ಚೂರು ಕಟ್ಟಿದ ಮೂರು ಪೊದೆಗಳು ಈಗಾಗಲೇ ಅಲ್ಲಿವೆ, ಹೂ ಬಿಡುವವರೆಗೆ ಅವನ್ನು ಮುಟ್ಟುವುದಿಲ್ಲ.